ಸೈಕಲಿನ ಹಿಂದೆ ಮೂರು ದಿನ



ನಮ್ಮ ಊರು ಕೆಂಚಾರ್ಲಹಳ್ಳಿಯ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಾರಿರಿ. ಚಿಂತಾಮಣಿ ತಾಲೂಕಿನ ಊರಿದು. 2007ರವರೆಗೆ ನಾವು ಕೋಲಾರ ಜಿಲ್ಲೆಯವರಾಗಿದ್ದೆವು, ಆಮೇಲೆ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆವು. ನೀವು ಮುರುಗಮಲ್ಲದ ದರ್ಗಾದ ಕಡೆ ಬಂದಿದ್ದರೆ ಈ ಸೀಮೆಯನ್ನು ನೋಡಿರುತ್ತೀರಿ. ಎಲ್ಲೆಲ್ಲೂ ಬೋಳು ಬಂಡೆಯ ಬೆಟ್ಟಗಳು, ಅವುಗಳ ನಡುವೆ ಟೊಮೆಟೊ, ಹಿಪ್ಪುನೇರಳೆ, ನೆಲಗಡಲೆಯ ಹೊಲಗಳು. ಹೊಳೆಯಿಲ್ಲ, ಕಾಲುವೆಯಿಲ್ಲ. ಸಾವಿರ ಅಡಿ ಕೊರೆದರೂ ಕೆಲವೊಮ್ಮೆ ಧೂಳೇ ಬರುತ್ತದೆ. ಮನೆಯೊಳಗೆ ನಾವು ಉರ್ದು ಮಾತಾಡುತ್ತೇವೆ, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ.

ಇಂತಹ ಊರಿನಿಂದ ಒಬ್ಬ ಹುಡುಗಿಯನ್ನೂ ಒಂದು ಸೈಕಲನ್ನೂ ಕರೆದುಕೊಂಡು ನಾನು ವಿಜಯಪುರಕ್ಕೆ ಹೋದ ಕಥೆಯನ್ನು ನಿಮಗೆ ಹೇಳಬೇಕಾಗಿದೆ. ಮದ್ರಸಾದಲ್ಲಿ ಕಲಿತು, ಆಮೇಲೆ ಬಿ.ಎ. ಮುಗಿಸಿ, ಹತ್ತೊಂಬತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿರುವವಳು ನಾನು. ಸೈಕಲ್ ತುಳಿಯಲು ನನಗೆ ಇವತ್ತಿಗೂ ಬರುವುದಿಲ್ಲ.

ಅಕ್ಕನ ಸೈಕಲ್

ಹುಡುಗಿ ನನ್ನ ತಂಗಿಯ ಎರಡನೇ ಮಗಳು. ಈಗ ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಸರಕಾರಿ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶುರುವಾಗಿ, ಕೊರೋನಾ ಕಾಲದಲ್ಲಿ ನಿಂತುಹೋದದ್ದು ನಿಮಗೂ ನೆನಪಿರಬಹುದು. ಇವಳ ಅಕ್ಕನಿಗೆ ಆ ಸೈಕಲ್ ಸಿಕ್ಕಿತ್ತು. ಅಕ್ಕ ಮದುವೆಯಾಗಿ ಶಿಡ್ಲಘಟ್ಟಕ್ಕೆ ಹೋದಳು, ಸೈಕಲ್ ಮನೆಯಲ್ಲಿ ಉಳಿಯಿತು. ಇವಳು ಅದರಲ್ಲಿ ಶಾಲೆಗೆ ಹೋಗತೊಡಗಿದಳು. ಬೆಳಿಗ್ಗೆ ಬಸ್ಸಿಗಿಂತ ಮೊದಲೇ ಶಾಲೆಯ ಗೇಟಿನಲ್ಲಿ ಇರುತ್ತಿದ್ದಳು. ಇದನ್ನು ಮೊದಲು ಗಮನಿಸಿದವರು ಅವಳ ಶಾಲೆಯ ದೈಹಿಕ ಶಿಕ್ಷಕರು. "ಈ ಹುಡುಗಿಗೆ ಓಟದ ಸೈಕಲ್ ಕೊಡಿಸಿದರೆ ಏನಾದರೂ ಮಾಡಿಯಾಳು" ಎಂದು ಅವರು ನನ್ನಲ್ಲಿ ಹೇಳಿದರು, ಅವಳ ತಂದೆಯಲ್ಲಿ ಹೇಳಲಿಲ್ಲ.

ಏಕೆ ಹೇಳಲಿಲ್ಲವೆಂದು ನಿಮಗೆ ಗೊತ್ತು. ನನ್ನ ಭಾವ ಕೆಟ್ಟವರಲ್ಲ. ಸಣ್ಣ ಗೂಡ್ಸ್ ಗಾಡಿಯಲ್ಲಿ ರಾತ್ರಿಯೆಲ್ಲ ಟೊಮೆಟೊ ಬುಟ್ಟಿಗಳನ್ನು ಮಾರ್ಕೆಟ್ಟಿಗೆ ಸಾಗಿಸಿ ಮನೆ ನಡೆಸುವವರು. ಆದರೆ "ಜನ ಏನೆನ್ನುತ್ತಾರೆ" ಎಂಬ ಮಾತು ಅವರ ಬೆನ್ನ ಮೇಲೆ ಬುಟ್ಟಿಗಿಂತ ಭಾರವಾಗಿ ಕೂತಿತ್ತು. ದೊಡ್ಡ ಹುಡುಗಿ, ರಸ್ತೆ, ಬಿಗಿ ಬಟ್ಟೆ ಎಂಬ ಮೂರು ಶಬ್ದಗಳಲ್ಲಿ ಅವರ ಉತ್ತರ ಮುಗಿಯಿತು.

ನಾನು ವಾದಕ್ಕೆ ಇಳಿಯಲಿಲ್ಲ. ಪ್ರವಾದಿಯವರು (ಸ) ಪ್ರಯಾಣದ ನಡುವೆ ಆಯಿಶಾರೊಂದಿಗೆ (ರ) ಓಟದ ಪಂದ್ಯ ಕಟ್ಟಿದ್ದನ್ನೂ, ಒಮ್ಮೆ ಆಯಿಶಾ ಗೆದ್ದುದನ್ನೂ ನೆನಪಿಸಿದೆ. ಬಟ್ಟೆಯ ಮಾತು ನಮ್ಮ ಮೇಲಿರಲಿ ಎಂದೆ. ತಂಗಿ ಟೈಲರಿಂಗ್ ಮಾಡುತ್ತಾಳೆ. ಉದ್ದ ತೋಳಿನ ಸಡಿಲ ಅಂಗಿ ಹೊಲಿದಳು, ಕಾಲಿಗೆ ಪಾದದವರೆಗೆ ಬರುವ ಉಡುಪು, ತಲೆಗೆ ಹೆಲ್ಮೆಟ್ಟಿನ ಒಳಗೆ ಕೂರುವಂತಹ ತೆಳು ಬಟ್ಟೆಯ ಟೋಪಿ. ಇಳಿಬಿಟ್ಟ ದುಪಟ್ಟಾ ಸೈಕಲಿನ ಚೈನಿಗೆ ಸಿಕ್ಕಿದರೆ ಜೀವಕ್ಕೇ ಅಪಾಯ, ಆದ್ದರಿಂದ ಯಾವ ಅಂಚೂ ಗಾಳಿಗೆ ಹಾರಬಾರದು. ನನ್ನ ಚೀಟಿ ಹಣದಲ್ಲಿ ಬೆಂಗಳೂರಿನಿಂದ ಹಳೆಯ ರೇಸ್ ಸೈಕಲೊಂದನ್ನು ತಂದೆವು. "ಒಂದು ಸಲ ಹೋಗಿ ಬರಲಿ. ಜೊತೆಗೆ ನೀವಿರಬೇಕು" ಎಂದರು ಭಾವ. ಆ "ಒಂದು ಸಲ" ನನ್ನ ತಲೆಯ ಮೇಲೆ ಬಿತ್ತು.

ರಕ್ತದ ಪರೀಕ್ಷೆ

ತಯಾರಿಯ ದಿನಗಳಲ್ಲಿ ನಡೆದ ಒಂದು ವಿಷಯವನ್ನು ನಿಮಗೆ ತಪ್ಪದೆ ಹೇಳಬೇಕು. ಅವಳು ಮುಂಜಾನೆ ಅಭ್ಯಾಸಕ್ಕೆ ಹೋಗಿ ಬಂದವಳು ಮಧ್ಯಾಹ್ನ ತರಗತಿಯಲ್ಲಿ ನಿದ್ದೆ ಹೋಗುತ್ತಿದ್ದಳು. ಏರಿನಲ್ಲಿ ಎದೆ ಡವಡವ ಎನ್ನುತ್ತದೆ ಎಂದಳು. ನಾವು ಸೋಮಾರಿತನ ಎಂದುಕೊಂಡೆವು. ಕೊನೆಗೆ ವೈದ್ಯರಲ್ಲಿ ಹೋದಾಗ ರಕ್ತದ ಹಿಮೋಗ್ಲೋಬಿನ್ 10.4 ಇತ್ತು. ಹೆಂಗಸರಿಗೆ ಅದು 12ಕ್ಕಿಂತ ಕೆಳಗಿರಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಅಂದರೆ ಈ ಪುಟವನ್ನು ಓದುವ ಎರಡು ಮನೆಗಳಲ್ಲಿ ಒಂದರ ಮಗಳು ಹೀಗಿರಬಹುದು. ಅವಳು ಓಟಕ್ಕೆ ಹೋಗದಿದ್ದರೆ ನಮಗದು ತಿಳಿಯುತ್ತಲೇ ಇರಲಿಲ್ಲ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ, ರಾಗಿ ಮುದ್ದೆ, ನುಗ್ಗೆ ಸೊಪ್ಪು, ಕಾಳು, ನಿಂಬೆರಸ. ಊಟದ ಜೊತೆಗೆ ಚಹಾ ನಿಲ್ಲಿಸಿದೆವು, ಏಕೆಂದರೆ ಚಹಾ ಕಬ್ಬಿಣದ ಅಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ. ನಾಲ್ಕು ತಿಂಗಳಲ್ಲಿ ಅವಳ ಮುಖದ ಬಣ್ಣವೇ ಬದಲಾಯಿತು.

ಗೋಲಗುಂಬಜದ ಊರಿಗೆ

ಸೈಕಲ್ ಓಟಕ್ಕೆ ವಿಜಯಪುರವೇ ಏಕೆ ಎಂದು ನೀವು ಕೇಳಬಹುದು. ನಮ್ಮ ಜಿಲ್ಲೆಯ ನಂದಿಬೆಟ್ಟಕ್ಕೆ ಬೆಂಗಳೂರಿನ ಸವಾರರು ಮುಂಜಾನೆ ಸಾಲುಸಾಲಾಗಿ ಬರುತ್ತಾರೆ. 1,478 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳೇ ಅವರಿಗೆ ಪರೀಕ್ಷೆ. 2008ರಲ್ಲಿ ಬೆಂಗಳೂರಿನವರು ಆರಂಭಿಸಿದ 'ಟೂರ್ ಆಫ್ ನೀಲಗಿರೀಸ್' ಎಂಬ ಬಹುದಿನಗಳ ಸವಾರಿಯೂ ಹೆಸರಾಗಿದೆ. ಆದರೆ ಹಳ್ಳಿಯ ಬಡ ಮಕ್ಕಳು ಸೈಕಲನ್ನೇ ಬದುಕಿನ ದಾರಿ ಮಾಡಿಕೊಂಡದ್ದು ಹೆಚ್ಚಾಗಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ. ಅಲ್ಲಿನ ಕ್ರೀಡಾ ವಸತಿ ನಿಲಯಗಳಲ್ಲಿ ಬೆಳೆದವರು ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ರೈಲ್ವೆಯಂತಹ ಕಡೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ದಾರಿಯೂ ಇದೆ.

ಡಿಸೆಂಬರಿನ ಒಂದು ಸಂಜೆ ಬೆಂಗಳೂರಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆವು. ಸೈಕಲಿನ ಎರಡೂ ಚಕ್ರ ಬಿಚ್ಚಿ, ಹಳೇ ಕಂಬಳಿಯಲ್ಲಿ ಸುತ್ತಿ, ಸೀಟಿನ ಕೆಳಗೆ ತೂರಿಸಿದ್ದೆವು. "ಏನಮ್ಮಾ ಅದು, ತೊಟ್ಟಿಲಾ?" ಎಂದು ಎದುರಿನ ಅಜ್ಜಿ ಕೇಳಿದರು. ಹುಬ್ಬಳ್ಳಿ, ಗದಗ, ಬಾಗಲಕೋಟೆ ದಾಟಿ ಬೆಳಿಗ್ಗೆ ಕಣ್ಣು ಬಿಟ್ಟಾಗ ನಮ್ಮ ಕಡೆಯ ಬಂಡೆಗಳಿಲ್ಲ, ಕಣ್ಣು ಹಾಯುವಷ್ಟು ದೂರ ಕಪ್ಪು ನೆಲ, ಜೋಳ. ಆಮೇಲೆ ದೂರದಲ್ಲಿ ಆ ಗುಮ್ಮಟ.

ಮೂರು ದಿನ, ಒಂದು ಲೆಕ್ಕ

ಮೂರು ದಿನದ ಓಟವೆಂದರೆ ಮೂರು ಬೇರೆ ಓಟಗಳೆಂದು ನಾನು ತಿಳಿದಿದ್ದೆ. ಹಾಗಲ್ಲ. ಮೂರೂ ದಿನದ ಸಮಯವನ್ನು ಕೂಡಿಸುತ್ತಾರೆ, ಕಡಿಮೆ ಸಮಯ ಯಾರದೋ ಅವರು ಮೊದಲಿಗರು. 1903ರಿಂದ ಫ್ರಾನ್ಸಿನಲ್ಲಿ ನಡೆಯುತ್ತಿರುವ ಟೂರ್ ಡಿ ಫ್ರಾನ್ಸ್ ಎಂಬ ಹೆಸರಾಂತ ಓಟದಲ್ಲೂ ಇದೇ ಲೆಕ್ಕ. ಅಲ್ಲಿ ಮೂರು ವಾರ, 21 ಹಂತಗಳು. ಒಂದು ದಿನ ಚೆನ್ನಾಗಿ ಓಡಿದರೆ ಸಾಲದು, ರಾತ್ರಿ ದೇಹ ಚೇತರಿಸಿಕೊಳ್ಳಬೇಕು. ಆ ಚೇತರಿಕೆಯೇ ಜೊತೆಗೆ ಹೋದವರ ಕೆಲಸ. ಸವಾರರ ಆರೈಕೆ ನೋಡಿಕೊಳ್ಳುವವರಿಗೆ ಫ್ರೆಂಚರು 'ಸ್ವಾನ್ಯೂರ್' ಎನ್ನುತ್ತಾರಂತೆ. ಊಟ, ನೀರು, ಬಟ್ಟೆ, ನಿದ್ದೆ, ಕಾಲು ಒತ್ತುವುದು. ಇದನ್ನೆಲ್ಲ ನಮ್ಮ ಮನೆಗಳಲ್ಲಿ ಮಾಡುವವರಿಗೆ ಯಾವ ಹೆಸರೂ ಇಲ್ಲ ಎಂದುಕೊಂಡು ನನ್ನಷ್ಟಕ್ಕೆ ನಕ್ಕೆ.

ಮೊದಲ ದಿನ 15 ಕಿಲೋಮೀಟರಿನ ಒಂಟಿ ಓಟ. ಒಬ್ಬೊಬ್ಬರನ್ನೇ ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಬೆಳಿಗ್ಗೆ ಗಾಳಿ ತುಂಬಲು ಹೋದರೆ ಟ್ಯೂಬಿನ ಸಣ್ಣ ಬಾಯಿಗೆ ಬಾಡಿಗೆ ಕೋಣೆಯವರ ಪಂಪು ಕೂರಲೇ ಇಲ್ಲ! ಪಕ್ಕದ ಕೋಣೆಯ ಹುಡುಗರು ತಮ್ಮ ಪಂಪು ಕೊಟ್ಟರು. ಅವಳು 28 ನಿಮಿಷದಲ್ಲಿ ಮುಗಿಸಿದಳು, 22 ಹುಡುಗಿಯರಲ್ಲಿ ಹದಿನಾಲ್ಕನೆಯವಳು. ಮೊದಲು ಬಂದವಳಿಗಿಂತ ನಾಲ್ಕು ನಿಮಿಷ ಹಿಂದೆ. "ಖಾಲಾ, ಇವರೆಲ್ಲ ಮನುಷ್ಯರೇನಾ?" ಎಂದು ನೀರು ಕುಡಿಯುತ್ತಾ ಕೇಳಿದಳು.

ಅಂದು ಮಧ್ಯಾಹ್ನ ಅವಳನ್ನು ಮಲಗಿಸಿ, ಬಟ್ಟೆ ಒಗೆದು ಹರವಿ ನಾನು ಗೋಲಗುಂಬಜಕ್ಕೆ ಹೋದೆ. ಅವಳಿಗೂ ಆಸೆಯಿತ್ತು, ಆದರೆ ಓಟದ ನಡುವೆ ಅಷ್ಟೊಂದು ಮೆಟ್ಟಿಲು ಹತ್ತಿ ಕಾಲನ್ನು ದಣಿಸಬಾರದೆಂದು ಎಲ್ಲರೂ ಹೇಳಿದ್ದರು. 1656ರಲ್ಲಿ ತೀರಿಹೋದ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಿದು. ಗುಮ್ಮಟದ ಹೊರ ಅಳತೆ ಸುಮಾರು 44 ಮೀಟರ್, ಒಳಗೆ ಒಂದೂ ಕಂಬವಿಲ್ಲ. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಗೋಡೆಯಲ್ಲಿ ಕೇಳುತ್ತದೆ. ಶಾಲಾ ಮಕ್ಕಳು ಕಿರುಚುತ್ತಿದ್ದರು. ನಾನು ಮೆಲ್ಲಗೆ ಅವಳ ಹೆಸರು ಹೇಳಿದೆ. ಹೆಸರು ತಿರುಗಿ ತಿರುಗಿ ನನ್ನ ಬಳಿಗೇ ಬಂತು.

ಕೈ ಜಾರಿದ ಬಾಟಲಿ

ಎರಡನೇ ದಿನ 50 ಕಿಲೋಮೀಟರ್. ಹತ್ತು ಕಿಲೋಮೀಟರಿನ ದಾರಿಯಲ್ಲಿ ಐದು ಸುತ್ತು, ಎಲ್ಲರೂ ಒಟ್ಟಿಗೆ. ಇಂತಹ ಓಟದಲ್ಲಿ ಗುಂಪಿನೊಳಗೆ ಇರುವುದೇ ಬುದ್ಧಿವಂತಿಕೆ. ಮುಂದಿನವರು ಗಾಳಿಯನ್ನು ಸೀಳುತ್ತಾರೆ, ಹಿಂದಿರುವವರಿಗೆ ಶ್ರಮ ಎಷ್ಟೋ ಕಡಿಮೆ. ಗುಂಪು ತಪ್ಪಿದರೆ ಒಬ್ಬಳೇ ಗಾಳಿಗೆ ಎದೆಯೊಡ್ಡಬೇಕು. ವಿಜಯಪುರದ ಬಯಲಿನಲ್ಲಿ ಗಾಳಿಗೆ ಅಡ್ಡ ಒಂದು ಮರವೂ ಇಲ್ಲ.

ಬೆಳಿಗ್ಗೆಯೇ ಅವಳು ನನ್ನ ಕಿವಿಯಲ್ಲಿ ಹೇಳಿದಳು, ಮುಟ್ಟು ಶುರುವಾಗಿತ್ತು. "ಬಿಟ್ಟುಬಿಡೋಣವಾ?" ಎಂದೆ. "ಹೊಟ್ಟೆ ನೋಯ್ತಿದೆ ಅಷ್ಟೇ, ಓಡ್ತೀನಿ" ಎಂದಳು. ಬಿಸಿನೀರು ಕುಡಿಸಿ, ಬೇಕಾದುದನ್ನೆಲ್ಲ ಚೀಲದಲ್ಲಿ ಇಟ್ಟುಕೊಂಡೆ. ಅಲ್ಲಿ ಗಂಡಸರೇ ತುಂಬಿದ್ದರು. ಒಬ್ಬ ಹೆಂಗಸು ಜೊತೆಗಿರುವುದರ ಬೆಲೆ ನನಗೆ ಆಗ ಗೊತ್ತಾಯಿತು. ಹುಡುಗಿಯರು ಕ್ರೀಡೆ ಬಿಡಲು ಸೋಲು ಕಾರಣವಲ್ಲ, ಇಂತಹ ಬೆಳಗಿನಲ್ಲಿ ಯಾರಿಗೂ ಹೇಳಲಾಗದೆ ಇರುವುದೇ ಕಾರಣ ಎಂದು ನನಗನ್ನಿಸುತ್ತದೆ.

ಅವಳ ಸೈಕಲಿಗೆ ಒಂದೇ ಬಾಟಲಿ ಇಡುವ ಜಾಗ. ಮೂರನೇ ಸುತ್ತಿನಲ್ಲಿ, ಗುರುತು ಮಾಡಿದ ಸ್ಥಳದಲ್ಲಿ ನಾನು ಎರಡನೆಯದನ್ನು ಕೊಡಬೇಕಿತ್ತು. ಉಪ್ಪು, ಬೆಲ್ಲ, ನಿಂಬೆ ಹಿಂಡಿದ ನೀರು. ಗುಂಪು ಬಂತು. ಅಷ್ಟೊಂದು ಚಕ್ರಗಳ ಸದ್ದು ಜೇನುಹುಳುಗಳ ಸದ್ದಿನಂತೆ. ಅವಳು ಅಂಚಿಗೆ ಬಂದು ಕೈ ಚಾಚಿದಳು. ನಾನು ಗಾಬರಿಯಿಂದ ಬಾಟಲಿಯ ನಡುವನ್ನು ಬಿಗಿಯಾಗಿ ಹಿಡಿದಿದ್ದೆ. ಅವಳ ಕೈ ಬಡಿಯಿತು, ಬಾಟಲಿ ಬಿಡಲಿಲ್ಲ, ಆಮೇಲೆ ಬಿತ್ತು. ಹಿಂದಿನವಳು ಅದರ ಮೇಲೆ ಹಾಯದೆ ತಪ್ಪಿಸಿಕೊಂಡದ್ದು ಅಲ್ಲಾಹನ ಕೃಪೆ.

ನಾಲ್ಕನೇ ಸುತ್ತಿನಲ್ಲಿ ಅವಳ ಕಾಲಿನ ಸ್ನಾಯು ಹಿಡಿದುಕೊಂಡಿತು. ಗುಂಪು ಹೋಯಿತು. ನಾನು ರಸ್ತೆಯ ಕೊನೆಗೆ ದಿಟ್ಟಿಸುತ್ತಾ ನಿಂತೆ. ಒಬ್ಬೊಬ್ಬರೇ ಬಂದರು, ಅವಳು ಬರಲಿಲ್ಲ. ಹಗ್ಗ ಬಿಚ್ಚುವವರು ಬಂದರು. ಆಗ ದೂರದಲ್ಲಿ ತಂಗಿ ಹೊಲಿದ ಆ ನೀಲಿ ಅಂಗಿ. ಒಂಬತ್ತು ನಿಮಿಷ ಹಿಂದೆ, ಹತ್ತೊಂಬತ್ತನೆಯವಳು. ಇಳಿದವಳು ಅಳಲಿಲ್ಲ. ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು. "ಪರವಾಗಿಲ್ಲ ಖಾಲಾ" ಎಂದಳು, ಅಷ್ಟೇ.

ಬಿಡೂದು ಕಲೀರಿ

ಅಂದು ಸಂಜೆ ನಾನು ಕೋಣೆಯ ಹೊರಗೆ ಕಲ್ಲಿನ ಮೇಲೆ ಕೂತಿದ್ದೆ. ಭಾವನ "ಒಂದು ಸಲ" ಮುಗಿಯುತ್ತಾ ಬಂದಿತ್ತು, ಅದನ್ನು ಹಾಳು ಮಾಡಿದವಳು ಅವರಲ್ಲ, ನಾನು. ಆಗ ಅಲ್ಲಿಯದೇ ಹಳ್ಳಿಯ ಒಬ್ಬ ತಾಯಿ ಬಂದು ಪಕ್ಕದಲ್ಲಿ ಕೂತರು. ಹೊಲದ ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಸೈಕಲ್ ಓಟಕ್ಕೆ ಕಳಿಸುವವರು. ಕಟಕ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ನಡೆದದ್ದನ್ನು ಅವರೂ ನೋಡಿದ್ದರು.

"ನೀವು ಬಾಟ್ಲಿ ಹಿಡ್ಕೊಂಡು ನಿಂತಿದ್ರಿ ಟೀಚರ್. ಹಿಡ್ಕೋಬ್ಯಾಡ್ರಿ, ಬಿಡೂದು ಕಲೀರಿ" ಎಂದರು.

ಬಾಟಲಿಯ ಕುತ್ತಿಗೆಯನ್ನು ಎರಡು ಬೆರಳಿನಲ್ಲಿ ಮಾತ್ರ ಹಿಡಿಯಬೇಕು. ಕೈಯನ್ನು ರಸ್ತೆಗೆ ಚಾಚಬೇಕು, ಕಾಲು ಅಲುಗಬಾರದು. ಹುಡುಗಿಯ ಕಣ್ಣು ನೋಡಬೇಕು, ಬಾಟಲಿಯನ್ನಲ್ಲ. ಅವಳ ಕೈ ಮುಟ್ಟಿದ ಕೂಡಲೇ ಬೆರಳು ತೆರೆದು, ಕೈಯನ್ನು ಅವಳು ಹೋಗುವ ದಿಕ್ಕಿಗೇ ಹಿಂದೆ ಸರಿಯಗೊಡಬೇಕು. ಅವರ ಮಗ ಅಂಗಳದಲ್ಲಿ ಸೈಕಲ್ ತುಳಿಯುತ್ತಾ ಸುತ್ತು ಹಾಕಿದ. ನಾನು ಮಗ್ರಿಬ್ ಅಝಾನ್ ಆಗುವವರೆಗೆ ಇಪ್ಪತ್ತು ಸಲ ಬಾಟಲಿ ಕೊಟ್ಟೆ. ಏಳು ಬಿದ್ದವು, ಕೊನೆಯ ಆರು ಬೀಳಲಿಲ್ಲ.

ರಾತ್ರಿ ಅವಳ ಕಾಲಿಗೆ ಎಣ್ಣೆ ಹಚ್ಚುತ್ತಾ ಅಫ್ಘಾನಿಸ್ತಾನದ ಫರೀಬಾ ಮತ್ತು ಯುಲ್ದುಝ್ ಹಾಶಿಮಿ ಎಂಬ ಅಕ್ಕತಂಗಿಯರ ಕಥೆ ಹೇಳಿದೆ. ಫರ್ಯಾಬ್ ಎಂಬ ಪ್ರಾಂತದಲ್ಲಿ ಯಾರಿಗೂ ಗುರುತು ಸಿಗದಂತೆ ಮೈಮುಚ್ಚಿಕೊಂಡು, ಬೇರೆಯವರ ಸೈಕಲಿನಲ್ಲಿ ತಮ್ಮ ಮೊದಲ ಓಟ ಓಡಿದವರು. 2021ರಲ್ಲಿ ದೇಶ ಬಿಡಬೇಕಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನ ರಸ್ತೆ ಓಟದಲ್ಲಿ ಇಬ್ಬರೂ ಅಫ್ಘಾನಿಸ್ತಾನದ ಹೆಸರಿನಲ್ಲೇ ಸ್ಪರ್ಧಿಸಿದರು. "ಗೆದ್ದರಾ?" ಎಂದು ಕೇಳಿದಳು. ಪದಕ ಬರಲಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೆ ಬಾಟಲಿ ಯಾರು ಕೊಡ್ತಿದ್ರು?" ಎಂದಳು. ಇಬ್ಬರೂ ನಕ್ಕೆವು. ಎರಡು ದಿನದಲ್ಲಿ ಮೊದಲ ಸಲ.

ಮೂರನೇ ದಿನ

ಫಜ್ರ್ ನಮಾಝ್ ಮುಗಿಸಿ, ಓಟಕ್ಕೆ ಎರಡು ಗಂಟೆ ಮೊದಲು ಎರಡು ಚಪಾತಿ, ಮೊಟ್ಟೆ, ಬಾಳೆಹಣ್ಣು ತಿನ್ನಿಸಿದೆ. ಅಂಗಿಯ ಬೆನ್ನ ಜೇಬಿಗೆ ಬೀಜ ತೆಗೆದ ನಾಲ್ಕು ಖರ್ಜೂರ. ಈ ದಿನ 40 ಕಿಲೋಮೀಟರ್, ನಾಲ್ಕು ಸುತ್ತು. ಎರಡನೇ ಸುತ್ತು ಮುಗಿಯುವಾಗ ಗುಂಪು ಬಂತು. ನಾನು ಕೈ ಚಾಚಿ ನಿಂತೆ. ಮನಸ್ಸಿನಲ್ಲಿ ದುಆ, ಬೆರಳಲ್ಲಿ ಬಾಟಲಿ. ಅವಳ ಕಣ್ಣು ಕಂಡಿತು. ಕೈಗೆ ಒಂದು ಗಾಳಿ ತಾಗಿದಂತಾಯಿತು, ನೋಡಿದರೆ ನನ್ನ ಬೆರಳುಗಳು ಖಾಲಿ. ಬಾಟಲಿ ಅವಳ ಬಾಯಲ್ಲಿತ್ತು. ರಸ್ತೆಯ ಆಚೆ ಬದಿಯಿಂದ ಆ ತಾಯಿ "ಭೇಷ್ ಟೀಚರ್!" ಎಂದು ಕೂಗಿದರು.

ಗುಂಪಿನೊಳಗೇ ಬಂದು ಅವಳು ಅಂದು ಎಂಟನೆಯವಳಾದಳು. ಮೂರೂ ದಿನದ ಲೆಕ್ಕದಲ್ಲಿ ಹದಿನೈದನೆಯವಳು. ಹಿಂದಿನ ದಿನದ ಒಂಬತ್ತು ನಿಮಿಷವನ್ನು ಯಾರೂ ಅಳಿಸಲಾರರು. ಪದಕವಿಲ್ಲ, ಕಪ್ಪಿಲ್ಲ, ಒಂದು ಪ್ರಮಾಣಪತ್ರ. ಅದರಲ್ಲಿ ಅವಳ ಹೆಸರಿನ ಮುಂದೆ ಜಿಲ್ಲೆ: ಚಿಕ್ಕಬಳ್ಳಾಪುರ.

ರೈಲಿನಲ್ಲಿ ಭಾವನ ಫೋನ್ ಬಂತು. ನಾನು ಎಲ್ಲವನ್ನೂ ಹೇಳಿದೆ, ಬಾಟಲಿ ಬಿದ್ದುದನ್ನೂ ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸೈಕಲಿಗೆ ಏನೂ ಆಗಿಲ್ಲ ತಾನೆ?" ಎಂದರು. ನನಗೆ ಬೇಸರವಾಯಿತು. ಮಗಳ ಕಾಲಿನ ಬಗ್ಗೆ ಕೇಳಲಿಲ್ಲವಲ್ಲ ಎಂದುಕೊಂಡೆ.

ಎರಡು ವಾರದ ನಂತರ ಒಂದು ಭಾನುವಾರ, ಬೆಳಗಿನ ಜಾವ ನಾಲ್ಕಕ್ಕೆ ತಂಗಿಯ ಮನೆಯ ಮುಂದೆ ಗಾಡಿಯ ಸದ್ದಾಯಿತಂತೆ. ಮಾರ್ಕೆಟ್ಟಿಗೆ ಟೊಮೆಟೊ ಇಳಿಸಿ ಬಂದ ಭಾವ, ಖಾಲಿ ಗಾಡಿಯಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ಸೈಕಲನ್ನು ಮಲಗಿಸಿ, ಹಗ್ಗದಿಂದ ಕಟ್ಟುತ್ತಿದ್ದರು. ಮಗಳನ್ನು ನಂದಿಬೆಟ್ಟದ ತಪ್ಪಲಿಗೆ ಕರೆದೊಯ್ದರು. ಅವಳು ಬೆಟ್ಟ ಹತ್ತುವಾಗ ಗಾಡಿಯನ್ನು ಅವಳ ಹಿಂದೆಯೇ, ಮೆಲ್ಲಗೆ, ಮೊದಲ ಗೇರಿನಲ್ಲಿ ಓಡಿಸಿದರಂತೆ. ಇದನ್ನು ತಂಗಿ ಹೇಳಿದಳು. ಅವರು ಇವತ್ತಿಗೂ ಈ ಬಗ್ಗೆ ನನ್ನಲ್ಲಿ ಒಂದು ಮಾತೂ ಆಡಿಲ್ಲ.

ಸಹೋದರಿಯರೇ, ನಿಮ್ಮ ಮನೆಯ ಮಗಳು ಸೈಕಲನ್ನೇ ತುಳಿಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅವಳು ಏನನ್ನಾದರೂ ಮನಸ್ಸಿಟ್ಟು ಮಾಡುತ್ತಿದ್ದರೆ ಒಮ್ಮೆ ಅವಳ ಜೊತೆ ಹೋಗಿ ನೋಡಿ. ಅವಳ ರಕ್ತದ ಪರೀಕ್ಷೆ ಮಾಡಿಸಿ. ಅವಳ ಬಟ್ಟೆಯನ್ನು ನಿಮ್ಮ ಕೈಯಾರೆ ಹೊಲಿಯಿರಿ. ರಸ್ತೆಯ ಬದಿಯಲ್ಲಿ ನಿಂತು ನೀರು ಕೊಡಿ. ಕೈ ಜಾರಿದರೆ ಸಂಜೆ ಅಂಗಳದಲ್ಲಿ ಮತ್ತೆ ಕಲಿಯಬಹುದು, ನಲವತ್ತರ ನಂತರವೂ. ಮುಂದಿನ ಓಟ ಬರುವ ಚಳಿಗಾಲದಲ್ಲಿ. ಇನ್‌ಶಾ ಅಲ್ಲಾಹ್, ನಾವು ಹೋಗುತ್ತೇವೆ. ಈ ಬಾರಿ ಸೈಕಲಿಗೆ ಎರಡನೇ ಬಾಟಲಿಯ ಜಾಗವನ್ನೂ ಹಾಕಿಸಿದ್ದೇವೆ.